‘ನೀ’ ಯಾರ ಪೈಕಿ?

(ಧಾರವಾಡದಲ್ಲಿ ಒಂದು ಸಂಜೆ, ವಿದ್ಯಾರ್ಥಿಗಳೂ ನಿವೃತ್ತ ಶಿಕ್ಷಕರೂ ಕೂಡಿದ್ದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ, ಕೆಲವು ಕಡೆ ಬೆಳೆಸಿದ್ದೇನೆ. ಸಭಿಕರು ನಡುವೆ ಬಾಯಿ ಹಾಕಿದ್ದನ್ನು ಮಾತ್ರ ತೆಗೆದಿಲ್ಲ.)

ಎಲ್ಲರಿಗೂ ಶರಣು. ಭಾಷಾಶಾಸ್ತ್ರ ಅಂದ ಕೂಡಲೇ ಹಿಂದಿನ ಸಾಲಿನವರು ಬಾಗಿಲು ಯಾವ ಕಡೆ ಇದೆ ಅಂತ ನೋಡಿಕೊಳ್ಳುತ್ತಾರೆ. ಅದಕ್ಕೇ ಶಾಸ್ತ್ರವನ್ನು ಬದಿಗಿಟ್ಟು ನಮ್ಮ ದೊಡ್ಡವ್ವನಿಂದ ಶುರು ಮಾಡುತ್ತೇನೆ.

ದೊಡ್ಡವ್ವನ ಊರು ಸವಣೂರಿನ ಹತ್ತಿರ, ವಯಸ್ಸು 76. ಮೊಣಕಾಲು ಬ್ಯಾನಿ. ತೋರಿಸಲಿಕ್ಕೆ ಅಂತ ಹೋದ ವರ್ಷ ಹುಬ್ಬಳ್ಳಿಗೆ ಕರಕೊಂಡು ಬಂದಿದ್ದೆ. ಆಕೆ ಓದಿದ್ದು ಮೂರನೇ ಇಯತ್ತೆ ತನಕ, ಆದರೆ ದಾರಿಯಲ್ಲಿ ಕಂಡ ಬೋರ್ಡನ್ನೆಲ್ಲ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದುವ ಚಟ. ಸಿಗ್ನಲ್ಲಿನಲ್ಲಿ ಆಟೋ ನಿಂತಿತು. ಎದುರಿಗೇ ಆಳೆತ್ತರದ ಫಲಕ: ‘ಉಚಿತ ನೀ ತಪಾಸಣೆ’. ದೊಡ್ಡವ್ವ ಓದಿದಳು, ಸುಮ್ಮನಾದಳು, ಮತ್ತೊಮ್ಮೆ ಓದಿದಳು.

‘ಯಾರಿಗೆ ಪಾ ಇಂವ ನೀ ಅನ್ನಾಕತ್ತಾನ? ದೊಡ್ಡವರು ಸಣ್ಣವರು ಅನ್ನೂದು ಏನರ ಐತೋ ಇಲ್ಲೋ ಇವರಿಗೆ?’

ಅದು ಇಂಗ್ಲಿಷ್ ಶಬ್ದ, ಮೊಣಕಾಲಿಗೆ ಅವರು ‘ನೀ’ ಅಂತಾರ ಅಂತ ಹೇಳಿದೆ. ಆಕೆಗೆ ನಂಬಿಕೆ ಬರಲಿಲ್ಲ. ‘ಮೊಣಕಾಲಿಗೆ ನೀ ಅಂದ್ರ, ನೀ ಅನ್ನಾಕ ಏನಂತಾರ?’ ಅಂದಳು. ‘ಯು’ ಅಂದೆ. ‘ಹಿರ‍್ಯಾರಿಗೂ ಯು?’ ಹೌದು. ‘ಕೂಸಿಗೂ ಯು?’ ಹೌದು. ದೊಡ್ಡವ್ವ ಫಲಕದ ಕಡೆ ಇನ್ನೊಮ್ಮೆ ನೋಡಿ, ‘ಹಂಗಾದ್ರ ಇವರು ನೀ ಅಂದಿದ್ದ ಛಲೋ ಆತು ಬಿಡು, ಕಾಲಿಗಷ್ಟ ಹತ್ತತೈತಿ’ ಅಂದಳು.

ಆವತ್ತಿನಿಂದ ಈ ಒಂದಕ್ಷರ ನನ್ನ ತಲೆಯೊಳಗೆ ಕೂತುಬಿಟ್ಟಿದೆ. ಇವತ್ತಿನ ಮಾತೆಲ್ಲ ಇದೊಂದರ ಮೇಲೆಯೇ.

ಮೊದಲು ನಮ್ಮ ಅಂಗಳದಲ್ಲಿ ಈ ‘ನೀ’ ಎಲ್ಲೆಲ್ಲಿ ಕೂಡುತ್ತದೆ ನೋಡೋಣ. ಅವ್ವನಿಗೆ ‘ನೀ’. ‘ಯವ್ವಾ, ನೀ ಉಂಡಿ ಏನ ಬೇ?’ ಅನ್ನುವಾಗ ಅದರಲ್ಲಿ ಅಗೌರವ ಇಲ್ಲವೇ ಇಲ್ಲ. (ಈ ‘ಬೇ’ ಕೂಡ ಅಂಥದ್ದೇ ಒಂದಕ್ಷರ. ಅವ್ವನಿಗೆ, ಅಮ್ಮನಿಗೆ ಅಕ್ಕರೆಯಿಂದ ಹಚ್ಚುವ ಇದೇ ‘ಬೇ’ಯನ್ನು ಹಿಂದಿಯಲ್ಲಿ ಗಂಡಸಿಗೆ ಹಚ್ಚಿ ‘ಕ್ಯಾ ಬೇ’ ಅಂದರೆ ಅಂಗಿ ಹರಿಯುವ ಜಗಳ. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಎರಡೂ ‘ಬೇ’ ಐದು ನಿಮಿಷದೊಳಗೆ ಕಿವಿಗೆ ಬೀಳುತ್ತವೆ.) ಅಪ್ಪನಿಗೆ ಕೆಲವು ಮನೆಗಳಲ್ಲಿ ‘ನೀ’, ಕೆಲವು ಮನೆಗಳಲ್ಲಿ ‘ನೀವ್’. ದೇವರಿಗಂತೂ ‘ನೀ’ಯೇ. ಕೂಡಲಸಂಗಮನನ್ನು ಕರೆದ ಬಸವಣ್ಣನವರಾಗಲಿ, ಆದಿಕೇಶವನನ್ನು ಕರೆದ ಕಾಗಿನೆಲೆಯ ಕನಕದಾಸರಾಗಲಿ ಬಹುವಚನ ಹಚ್ಚಲಿಲ್ಲ. ಬೀಗರಿಗೆ, ಮಾಸ್ತರರಿಗೆ, ಗುರುತಿಲ್ಲದವರಿಗೆ ಮಾತ್ರ ‘ನೀವ್’, ಅದರ ಹಿಂದೆ ತಪ್ಪದೇ ಒಂದು ‘ರಿ’. ಅಂದರೆ ನಮ್ಮಲ್ಲಿ ‘ನೀ’ ಎಂಬುದು ತೀರ ಹತ್ತಿರದವರಿಗೆ ಸಲ್ಲುತ್ತದೆ, ಇಲ್ಲವೇ ತೀರ ಕೆಳಗಿನವರೆಂದು ನಾವು ಎಣಿಸಿದವರಿಗೆ. ಇವೆರಡರ ನಡುವೆ ನಿಂತವರಿಗೆ ‘ನೀ’ ಅಂದರೆ ಏಟು. ದೊಡ್ಡವ್ವನಿಗೆ ಫಲಕ ಹೊಡೆದದ್ದು ಅಲ್ಲೇ.

ಮತ್ತೆ ಈ ಊರಿನವರೇ ಆದ ಕವಿಯನ್ನು ನೆನೆಯದೆ ಧಾರವಾಡದಲ್ಲಿ ಈ ಮಾತು ಮುಂದಕ್ಕೆ ಹೋಗುವುದಿಲ್ಲ. 1973ರಲ್ಲಿ ಬೇಂದ್ರೆಯವರಿಗೆ ಜ್ಞಾನಪೀಠ ತಂದ ‘ನಾಕುತಂತಿ’ಯ ತಂತಿಗಳು ಯಾವುವು? ನಾನು, ನೀನು, ಆನು, ತಾನು. ನಾಲ್ಕೂ ಸರ್ವನಾಮಗಳೇ. ‘ಆನು’ ಅಂದರೂ ‘ನಾನು’ ಅಂತಲೇ ಅರ್ಥ. ಹಳಗನ್ನಡದ ರೂಪ ಅದು, ಹವ್ಯಕರ ಮನೆಗಳಲ್ಲಿ ಇಂದಿಗೂ ಬಳಕೆಯಲ್ಲಿದೆ.

ಬೇಂದ್ರೆಯವರ ಮನೆಮಾತು ಮರಾಠಿ. ಇಲ್ಲಿರುವವರಲ್ಲೂ ಮನೆಯೊಳಗೆ ಮರಾಠಿ, ಹೊಸ್ತಿಲು ದಾಟಿದರೆ ಕನ್ನಡ ಅನ್ನುವವರು ಹತ್ತಾರು ಮಂದಿ ಇದ್ದೀರಿ. ನಿಮಗೊಂದು ಮಾತು. ಮರಾಠಿಯಲ್ಲಿ ‘ಬಾಬಾಂನೀ ಸಾಂಗಿತಲಂ’ ಅನ್ನುತ್ತೀರಲ್ಲ, ‘ಅಪ್ಪಾರು ಹೇಳ್ಯಾರ’ ಅಂತ, ಅಲ್ಲಿ ಬಾಬಾನ ಬಾಲಕ್ಕೆ ಅಂಟಿದ ‘ನೀ’ ವಿಭಕ್ತಿ ಪ್ರತ್ಯಯ. ಅದೂ ಬಹುವಚನದ್ದು, ಅಂದರೆ ಗೌರವದ್ದು. ಒಂದೇ ಮನೆಯಲ್ಲಿ, ಒಂದೇ ಅಪ್ಪನಿಗೆ, ಮರಾಠಿಯಲ್ಲಿ ‘ನೀ’ ಹಚ್ಚಿದರೆ ಮರ್ಯಾದೆ, ಕನ್ನಡದಲ್ಲಿ ‘ನೀ’ ಹಚ್ಚಿದರೆ ಮರ್ಯಾದೆ ಹೋಯಿತು! ಆಡುಮರಾಠಿಯಲ್ಲಿ ಇನ್ನೊಂದು ‘ನಿ’ ಇದೆ. ‘ಆಣಿ’ ಸವೆದು ಆದದ್ದು. ‘ತೂ ನಿ ಮೀ’ ಅಂದರೆ ‘ನೀನೂ ನಾನೂ’. ಗುಜರಾತಿ ವ್ಯಾಪಾರಿಗಳ ಮಾತಿಗೆ ಕಿವಿಗೊಟ್ಟರೆ ‘ನೀ’ ಅಂದರೆ ‘-ದ, -ಅದರ’. ಹುಬ್ಬಳ್ಳಿಯ ಹತ್ತಿ ವ್ಯವಹಾರ ಬಲ್ಲವರಿಗೆ ಇದು ಹೊಸದೇನಲ್ಲ. ಪಂಜಾಬಿಯಲ್ಲಿ ಹೆಣ್ಣುಮಗಳನ್ನು ಕೂಗಿ ಕರೆಯುವುದಕ್ಕೇ ‘ನೀ’. ಇವೆಲ್ಲ ನಮ್ಮ ಓಣಿಯಲ್ಲಿ, ನಮ್ಮ ರೈಲಿನಲ್ಲಿ ಸಿಗುವ ‘ನೀ’ಗಳು. ಊರು ದಾಟಿದರೆ ತಮಾಷೆ ಇನ್ನೂ ಹೆಚ್ಚು.

ನೈಜೀರಿಯಾದ ಉತ್ತರಕ್ಕೆ ಕಾನೋ ಅಂತ ದೊಡ್ಡ ನಗರ. ಅಲ್ಲಿನ ಮಾತು ಹೌಸಾ. ಆ ಮಾತಿನಲ್ಲಿ ‘ನೀ’ ಅಂದರೆ ‘ನಾನು’. ಅಲ್ಲಿ ಒಬ್ಬ ಬಾಗಿಲು ಬಡಿಯುತ್ತಾನೆ ಅನ್ನಿ. ಒಳಗಿನವರು ‘ಯಾರು?’ ಅಂತ ಕೇಳಿದರೆ ಅವನು ಕೊಡುವ ಉತ್ತರ, ‘ನೀ ನೇ.’ ನಾನೇ ಅಂತ ಅರ್ಥ. ನಮ್ಮ ಓಣಿಯಲ್ಲಿ ಅದೇ ಉತ್ತರ ಕೊಟ್ಟರೆ? ‘ಯಾರು?’ ‘ನೀನೇ!’ ಬಾಗಿಲು ತೆಗೆಯುವುದಿರಲಿ, ಒಳಗಿಂದ ಬಡಿಗೆ ಬರುತ್ತದೆ.

ಹೌಸಾ ಒಂದೇ ಅಲ್ಲ. ಸ್ಪೇನ್–ಫ್ರಾನ್ಸ್ ಗಡಿಯ ಬೆಟ್ಟಗಳಲ್ಲಿ ಬಾಸ್ಕ್ ಎಂಬ ಭಾಷೆ ಇದೆ, ಜಗತ್ತಿನ ಯಾವ ಭಾಷೆಯ ಜತೆಗೂ ಅದಕ್ಕೆ ನೆಂಟಸ್ತಿಕೆ ಗೊತ್ತಾಗಿಲ್ಲ. ಅದರಲ್ಲೂ ‘ನಿ’ ಅಂದರೆ ನಾನು. ಪೂರ್ವ ಆಫ್ರಿಕಾದ ಸ್ವಾಹಿಲಿಯಲ್ಲಿ ಕ್ರಿಯಾಪದದ ಮುಂದೆ ‘ನಿ’ ಬಂದರೆ ನಾನು: ‘ನಿನಾಕುಜಾ’ ಅಂದರೆ ‘ನಾ ಬರ್ತೀನಿ’. ಮೆಕ್ಸಿಕೋದ ನಾವಾತ್ಲ್ ಭಾಷೆಯಲ್ಲೂ ಕ್ರಿಯಾಪದದ ಮುಂದೆ ‘ನಿ’ ಹಚ್ಚಿದರೆ ನಾನು. ಉತ್ತರ ಅಮೆರಿಕದ ಮಹಾಸರೋವರಗಳ ಸುತ್ತಲಿನ ಓಜಿಬ್ವೆ ಜನ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಅವರಿಗೆ ‘ನೀನ್’ ಅಂದರೆ ನಾನು, ‘ಗೀನ್’ ಅಂದರೆ ನೀನು. ಐರ್ಲೆಂಡಿನವರಿಗೆ ‘ನೀ’ ಅಂದರೆ ‘ಇಲ್ಲ, ಅಲ್ಲ’. ವೇಲ್ಸಿನವರಿಗೆ ‘ನಿ’ ಅಂದರೆ ‘ನಾವು’. ಕರಾಟೆ ಕಲಿಯುವ ನಿಮ್ಮ ಮಕ್ಕಳನ್ನು ಕೇಳಿ, ಎಣಿಸಿ ತೋರಿಸುತ್ತಾರೆ: ಇಚಿ, ನಿ, ಸಾನ್. ಜಪಾನಿಯಲ್ಲಿ ‘ನಿ’ ಅಂದರೆ ಎರಡು.

ಸ್ವೀಡನ್ನಿನ ‘ನಿ’ಯ ಮೇಲೆ ಮಾತ್ರ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಅದು ನಮ್ಮ ‘ರಿ’ಯ ಕಥೆಯನ್ನು ಕನ್ನಡಿಯಲ್ಲಿ ನೋಡಿದ ಹಾಗಿದೆ. ಸ್ವೀಡಿಷ್‌ನಲ್ಲಿ ‘ನಿ’ ಅಂದರೆ ನೀವು. ನಮ್ಮ ‘ನೀ’ಗೆ ಎಷ್ಟು ಹತ್ತಿರ! ಆದರೆ ಹಿಂದೆ ಅಲ್ಲಿ ‘ನೀವು’ ಅನ್ನಲಿಕ್ಕೆ ಬರೀ ‘ಈ’ ಇತ್ತು. ಅದಕ್ಕೆ ಹೊಂದುವ ಕ್ರಿಯಾಪದಗಳು ‘ನ್’ನಿಂದ ಮುಗಿಯುತ್ತಿದ್ದವು. ಮಾತಾಡುವಾಗ ಎಷ್ಟೋ ಸಲ ಕ್ರಿಯಾಪದ ಮೊದಲು, ‘ಈ’ ಅದರ ಬೆನ್ನಿಗೆ. ಶತಮಾನಗಟ್ಟಲೆ ಹೀಗೆ ಕೂಡಿಸಿ ಆಡಿ ಆಡಿ, ಕ್ರಿಯಾಪದದ ಬಾಲದ ‘ನ್’ ಈಚೆ ಹಾರಿ ‘ಈ’ಗೆ ಅಂಟಿಕೊಂಡು ‘ನಿ’ ಆಯಿತು. ನಮ್ಮಲ್ಲಿ? ಬಂದಿರಿ, ಹೋದಿರಿ, ಉಂಡಿರಿ. ಕ್ರಿಯಾಪದದ ಬಾಲ ‘ರಿ’. ಅದು ಅಲ್ಲಿಂದ ಕಳಚಿಕೊಂಡು ಊರೆಲ್ಲ ಅಡ್ಡಾಡುತ್ತಿದೆ. ಹೌದ್ರಿ, ಇಲ್ರಿ, ಗದಗ್ರಿ, ಎಷ್ಟ್ರಿ. ಕಡೆಗೆ ಗಂಡನನ್ನು ಕರೆಯುವುದಕ್ಕೆ ಅದೊಂದೇ ಸಾಕು: ‘ರೀ!’ ಅಲ್ಲಿ ಬಾಲ ಹೋಗಿ ಸರ್ವನಾಮಕ್ಕೆ ಅಂಟಿತು, ಇಲ್ಲಿ ಬಾಲವೇ ಬಿಡಿಯಾಗಿ ಮನೆ ಹೂಡಿತು.

ಅಷ್ಟಕ್ಕೇ ಮುಗಿಯಲಿಲ್ಲ. ಗೌರವದ ಬಹುವಚನವಾದ ಈ ‘ನಿ’ ಸ್ವೀಡನ್ನಿನಲ್ಲಿ ಬರುಬರುತ್ತ ಹುದ್ದೆ, ಪದವಿ ಏನೂ ಇಲ್ಲದವರಿಗೆ ಅನ್ನುವ ಮಾತಾಗಿ ಇಳಿದುಹೋಯಿತು. ದೊಡ್ಡವರಿಗೆ ‘ನಿ’ ಅಂದರೆ ಸಿಟ್ಟು. ಹಾಗಾಗಿ ಸರ್ವನಾಮವನ್ನೇ ತಪ್ಪಿಸಿ, ‘ಡಾಕ್ಟರು ಕಾಫಿ ತೆಗೆದುಕೊಳ್ಳುತ್ತಾರೆಯೇ?’ ಅಂತ ಎದುರಿಗೆ ಕೂತ ಡಾಕ್ಟರನ್ನೇ ಕೇಳುವ ರೂಢಿ. ನಗಬೇಡಿ, ನಮ್ಮ ಕಚೇರಿಗಳಲ್ಲಿ ‘ಸಾಹೇಬ್ರು ಚಾ ತಗೋತಾರೇನು?’ ಅಂತ ಸಾಹೇಬರನ್ನೇ ಕೇಳುವುದಿಲ್ಲವೇ? 1960ರ ದಶಕದ ಕೊನೆಗೆ ಈ ಕಾಟ ಸಾಕಾಗಿ ಸ್ವೀಡನ್ ಇಡೀ ದೇಶವೇ ‘ದು’ ಅನ್ನುವ ಏಕವಚನಕ್ಕೆ ಹೊರಳಿತು. 1967ರಲ್ಲಿ ಅಲ್ಲಿನ ವೈದ್ಯಕೀಯ ಇಲಾಖೆಯ ಮುಖ್ಯಸ್ಥ ಬ್ರೋರ್ ರೆಕ್ಸೆಡ್, ಇನ್ನು ಮುಂದೆ ತಾನು ಸಿಬ್ಬಂದಿಯನ್ನೆಲ್ಲ ‘ದು’ ಅಂತಲೇ ಮಾತಾಡಿಸುವೆನೆಂದು ಸಾರಿದ್ದು ಈ ಬದಲಾವಣೆಯ ಗುರುತಾಗಿ ಉಳಿದಿದೆ. ದೊಡ್ಡವ್ವನಿಗೆ ಇದನ್ನು ಹೇಳಿದಾಗ ಆಕೆ ಕೇಳಿದ್ದು ಒಂದೇ ಮಾತು. ‘ಜವಾನ ಅವಂಗ ಏನಂದ?’ ಅವನೂ ‘ದು’ ಅಂದ ಅಂದೆ. ಆಗ ಒಪ್ಪಿದಳು.

ಈಗ ಒಂದು ತಕರಾರು. ಕಳೆದ ವರ್ಷ ಒಬ್ಬ ಹುಡುಗಿ, ಬಿ.ಎ. ಓದುತ್ತಿರುವಾಕೆ, ಕೊರಿಯನ್ ಧಾರಾವಾಹಿ ನೋಡಿ ನೋಡಿ ಓಡಿ ಬಂದು ಕೇಳಿದಳು: ‘ಸರ್, ಅವರು ಅಪ್ಪಗ ಅಪ್ಪಾನ ಅಂತಾರ, ನನಗ ನಾ ಅಂತಾರ, ನಿನಗ ನೀ ಅಂತಾರ. ಕೊರಿಯಾದವರು ನಮ್ಮ ಪೈಕಿ ಅಲ್ಲೇನ್ರಿ?’

ಆಕೆಯ ಕಿವಿ ಚುರುಕು. ಮೂರೂ ನಿಜ. ಆಕೆ ಮೊದಲನೆಯವಳೂ ಅಲ್ಲ. ಸೋಲ್‌ನಲ್ಲಿ ಮಾಸ್ತರನಾಗಿದ್ದ ಹೋಮರ್ ಹಲ್ಬರ್ಟ್ ಎಂಬ ಅಮೆರಿಕನ್ 1905ರಲ್ಲಿ ಕೊರಿಯನ್ ಮತ್ತು ದ್ರಾವಿಡ ಭಾಷೆಗಳ ವ್ಯಾಕರಣಗಳನ್ನು ಹೋಲಿಸಿ ಪುಸ್ತಕವನ್ನೇ ಬರೆದ. ಭಾಷಾವಿಜ್ಞಾನಿಗಳು ಒಪ್ಪಲಿಲ್ಲ. ಯಾಕೆ ಒಪ್ಪಲಿಲ್ಲ ಅನ್ನುವುದನ್ನು ಹುಡುಗಿಗೆ ಹೇಗೆ ಹೇಳಲಿ ಅಂತ ಯೋಚಿಸುತ್ತಿದ್ದಾಗ ನೆರವಿಗೆ ಬಂದದ್ದು ನಮ್ಮ ಅಡ್ಡಹೆಸರುಗಳು.

ಗದಗದಲ್ಲಿ ಪಾಟೀಲರಿದ್ದಾರೆ, ಹಾನಗಲ್ಲಿನಲ್ಲಿ ಇದ್ದಾರೆ, ಕೊಲ್ಲಾಪುರದಲ್ಲೂ ಇದ್ದಾರೆ. ಲಿಂಗಾಯತ ಪಾಟೀಲರು, ಜೈನ ಪಾಟೀಲರು, ಮರಾಠಾ ಪಾಟೀಲರು, ಮುಸ್ಲಿಂ ಪಾಟೀಲರು. ಎಲ್ಲರೂ ಅಣ್ಣತಮ್ಮಂದಿರೇನು? ಪಾಟೀಲಕಿ ಒಂದು ಹುದ್ದೆ, ಊರಿಗೊಬ್ಬ ಪಾಟೀಲ. ದೇಸಾಯಿ, ಕುಲಕರ್ಣಿ ಕೂಡ ಹಾಗೇ. ಸಂಬಂಧ ಬೆಳೆಸುವಾಗ ನಮ್ಮ ಹಿರಿಯರು ಅಡ್ಡಹೆಸರು ಕೇಳಿ ಸುಮ್ಮನಾಗುವುದಿಲ್ಲ. ಮೂಲ ಯಾವ ಊರು, ಯಾರ ಪೈಕಿ, ತಾಯಿಯ ತವರು ಎಲ್ಲಿ, ಮೊದಲು ಎಲ್ಲಿದ್ದಿರಿ, ಈಗ ಇಲ್ಲಿಗೆ ಹೇಗೆ ಬಂದಿರಿ ಅಂತ ಬೇರು ಬಿಚ್ಚಿ ಕೇಳುತ್ತಾರೆ. ಶಬ್ದವನ್ನೂ ಹಾಗೇ ಕೂರಿಸಿಕೊಂಡು ಕೇಳಬೇಕು: ನಿನ್ನಿ ಎಲ್ಲಿದ್ದಿ? ನಿನ್ನ ಜೋಡಿ ಮತ್ತ್ಯಾರು ಬಂದಾರ?

ಕೊರಿಯಾದ ‘ನೀ’ಯನ್ನು ಕೇಳೋಣ. ಅಲ್ಲಿ ನೀನು ಎಂಬುದಕ್ಕೆ ಮೂಲ ರೂಪ ‘ನೊ’ ಅಂತ ಸುಮಾರಾಗಿ ಹೇಳಬಹುದು, ನಮ್ಮ ಬಾಯಿಗೆ ಪೂರ್ತಿ ಒಗ್ಗದ ಸ್ವರ. ‘ನಿನ್ನ’ ಅನ್ನಲಿಕ್ಕೆ ಒಂದು ‘ನೆ’, ‘ನನ್ನ’ ಅನ್ನಲಿಕ್ಕೆ ಬಾಯಿ ಸ್ವಲ್ಪ ಅಗಲಿಸಿ ಇನ್ನೊಂದು ‘ನೆ’. ಬರವಣಿಗೆಯಲ್ಲಿ ಎರಡೂ ಬೇರೆ. ಆಡುಮಾತಿನಲ್ಲಿ ಎರಡು ಸ್ವರಗಳೂ ಒಂದೇ ಆಗಿಹೋದವು. ಆಗ ಏನಾಗಬೇಡ? ನಮ್ಮಲ್ಲಿ ‘ನನ್ನ’ ಮತ್ತು ‘ನಿನ್ನ’ ಒಂದೇ ಥರ ಕೇಳಿಸಿದ್ದರೆ ಹೊಲದ ವಾಟ್ನಿ ಮಾಡುವ ದಿನ ಪಂಚರ ಗತಿ ಏನು? ಕೊರಿಯನ್ನರು ಉಪಾಯ ಹುಡುಕಿದರು. ‘ನಿನ್ನ’ ಎಂಬುದನ್ನು ‘ನಿ’ ಅಂತ ತಿರುಗಿಸಿ ಆಡತೊಡಗಿದರು. ಇದು ಇತ್ತೀಚಿನ ಮಾತು, ಇಂದಿಗೂ ಶಿಷ್ಟ ಬರವಣಿಗೆಯಲ್ಲಿ ಅದಕ್ಕೆ ಜಾಗ ಇಲ್ಲ. ಹುಡುಗಿಯ ಕಿವಿಗೆ ಬಿದ್ದ ‘ನೀ’ ಹುಟ್ಟಿದ್ದು ಒಂದು ಸ್ವರದ ಜಗಳ ಬಿಡಿಸಲು. ನಮ್ಮ ‘ನೀ’ಯೋ, ಹಳಗನ್ನಡದಲ್ಲಿ ‘ನೀಂ’, ತಮಿಳು ಮಲಯಾಳಗಳಲ್ಲಿ ‘ನೀ’, ತೆಲುಗಿನಲ್ಲಿ ‘ನಿನ್ನ’ ಎಂಬರ್ಥದ ‘ನೀ’, ಜಾರ್ಖಂಡದ ಕುಡುಖ್ ಜನರಲ್ಲಿ ‘ನೀನ್’. ಹಿಂದೆ ಹಿಂದೆ ಹೋದಷ್ಟೂ ಇದೇ ಮುಖ.

ಇನ್ನು ಅಪ್ಪಾ. ಹಾಲು ಕುಡಿಯುವ ಕೂಸಿನ ತುಟಿಗೆ ಮೊದಲು ಬರುವುದು ಪ, ಬ, ಮ. ಅದನ್ನು ಹಿಡಿದುಕೊಂಡು ತಂದೆ ತಾಯಿ ‘ನನ್ನನ್ನೇ ಕರೀತು’ ಅಂತ ಹಿಗ್ಗುತ್ತಾರೆ, ಎಲ್ಲ ದೇಶದಲ್ಲೂ. ಜಾರ್ಜಿಯಾ ದೇಶದಲ್ಲಿ ‘ಮಾಮಾ’ ಅಂದರೆ ತಂದೆ, ‘ದೇದಾ’ ಅಂದರೆ ತಾಯಿ. ನಮ್ಮ ಸೋದರಮಾವ ಅಲ್ಲಿ ಹೋದರೆ ಒಂದೇ ದಿನಕ್ಕೆ ಅಪ್ಪ.

ಚೀನಿಯವರ ನಮಸ್ಕಾರ ‘ನಿ ಹಾವ್’, ಅದರಲ್ಲಿ ‘ನಿ’ ಅಂದರೆ ನೀನು. ಅದು ಕೊರಿಯನ್‌ನಷ್ಟು ಸುಲಭಕ್ಕೆ ಬಗ್ಗುವುದಿಲ್ಲ, ಅದನ್ನು ಮುಚ್ಚಿಡುವುದು ಸರಿಯಲ್ಲ. ಹಳೆಯ ಚೀನಿಗೆ ಹೋದರೂ ಮಧ್ಯಮ ಪುರುಷದಲ್ಲಿ ನಕಾರ ಇದ್ದೇ ಇದೆ. ಅಲ್ಲಿ ಎರಡನೆಯ ಪ್ರಶ್ನೆ ಕೇಳಬೇಕು, ‘ಜೋಡಿ ಯಾರು ಬಂದಾರ?’ ಅಂತ. ನಮ್ಮ ‘ನೀ’ಯ ಜತೆ ನಾನ್, ಆನ್, ತಾನ್ ಬರುತ್ತಾರೆ, ಒಂದು, ಎರಡು, ಮೂರು ಬರುತ್ತಾರೆ, ಕೈ, ಕಣ್ಣು, ನೀರು ಬರುತ್ತವೆ. ಚೀನಿಯ ‘ನಿ’ ಜತೆಗೆ ‘ನಾನು’ ಎಂಬರ್ಥದ ‘ವೊ’ ಬರುತ್ತದೆ. ಅದೇ ಕ್ಯಾಂಟನೀಸ್‌ನಲ್ಲಿ ‘ಙೊ’, ಟಿಬೆಟಿನಲ್ಲಿ ‘ಙ’, ಬರ್ಮಾದಲ್ಲಿಯೂ ‘ಙಾ’. ನಾವು ಕಾಗುಣಿತದಲ್ಲಿ ಮಾತ್ರ ಓದಿ ಬಿಟ್ಟ ‘ಙ’ ಅಕ್ಷರ ಅಲ್ಲಿ ಮನೆಯ ಯಜಮಾನ. ಆ ಬಳಗವೇ ಬೇರೆ. ಇಷ್ಟಕ್ಕೂ ಹಾಂಗ್‌ಕಾಂಗ್‌ನಲ್ಲಿ ಇಂದು ಎಷ್ಟೋ ಜನರ ಬಾಯಲ್ಲಿ ‘ನೀನು’ ಎಂಬರ್ಥದ ‘ನೇ’ ಹೋಗಿ ‘ಲೇ’ ಆಗಿದೆ. ನಮ್ಮ ಕಡೆ ‘ಲೇ’ ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ನಿಜವಾದ ನೆಂಟಸ್ತಿಕೆ ಹೇಗಿರುತ್ತದೆ? ನಮ್ಮ ಹಾಲು ತಮಿಳರ ಪಾಲ್. ಹಲ್ಲು, ಪಲ್. ಹುಲಿ, ಪುಲಿ. ಹತ್ತು, ಪತ್ತು. ಹೆಣ್ಣು, ಪೆಣ್. ಹಳಗನ್ನಡದಲ್ಲಿ ನಮ್ಮದೂ ಪಾಲ್, ಪುಲಿಯೇ. ನಡುವೆ ಎಲ್ಲೋ ಶಬ್ದದ ಮೊದಲಿನ ಪಕಾರವೆಲ್ಲ ಸಾಲು ಹಿಡಿದು ಹಕಾರವಾಯಿತು. ‘ಪುರ್ಬಳ್ಳಿ’ ಹುಬ್ಬಳ್ಳಿ ಆದದ್ದೂ ಆ ಸಾಲಿನಲ್ಲೇ. ಒಂದು ಶಬ್ದ ಹೋಲಿದರೆ ಅದೃಷ್ಟ. ಸಾಲು ಸಾಲಾಗಿ, ಒಂದೇ ನಿಯಮಕ್ಕೆ ಸಿಕ್ಕು ಬದಲಾಗಿದ್ದರೆ ರಕ್ತಸಂಬಂಧ. ಮದ್ರಾಸಿನಲ್ಲಿ ಕಲೆಕ್ಟರನಾಗಿದ್ದ ಎಲ್ಲಿಸ್ 1816ರಲ್ಲಿ, ಆಮೇಲೆ ಬಿಷಪ್ ಕಾಲ್ಡ್‌ವೆಲ್ 1856ರಲ್ಲಿ ನಮ್ಮ ಭಾಷೆಗಳದ್ದು ಬೇರೆಯೇ ಕುಟುಂಬ ಅಂತ ತೋರಿಸಿದ್ದು ಇಂಥ ಸಾಲುಗಳನ್ನು ಹಿಡಿದೇ.

ಈಗ ದೊಡ್ಡವ್ವನ ಫಲಕಕ್ಕೆ ವಾಪಸು ಬರೋಣ. ಇಂಗ್ಲಿಷಿನ ‘ನೀ’ ಬರೆಯುವಾಗ ಮುಂದೆ ಒಂದು ‘ಕೆ’ ಇದೆ, ಓದುವಾಗ ಇಲ್ಲ. ಶಾಲೆಯಲ್ಲಿ ನಾವೆಲ್ಲ ಬೈದುಕೊಂಡ ಅಕ್ಷರ. ಮೂರ‍್ನಾಲ್ಕು ಶತಮಾನಗಳ ಹಿಂದೆ ಇಂಗ್ಲಿಷರು ಅದನ್ನು ಉಚ್ಚರಿಸುತ್ತಿದ್ದರು, ‘ಕ್ನೀ’ ಅಂತ. ಜರ್ಮನರು ಇಂದಿಗೂ ‘ಕ್ನೀ’ ಅನ್ನುತ್ತಾರೆ. ನಮಗೆ 1894ರಲ್ಲಿ ದೊಡ್ಡ ನಿಘಂಟು ಕೊಟ್ಟ ಕಿಟೆಲ್, ಇದೇ ಧಾರವಾಡದಲ್ಲಿ ಹೆಸರಿನ ಕಾಲೇಜು ಇದೆಯಲ್ಲ ಅವರು, ಜರ್ಮನ್ ಮನುಷ್ಯ. ಮೊಣಕಾಲು ನೋವು ಬಂದಿದ್ದರೆ ‘ಕ್ನೀ’ ಅಂತಲೇ ನರಳುತ್ತಿದ್ದರು. ಅದೇ ಶಬ್ದ ಲ್ಯಾಟಿನ್ನಿನಲ್ಲಿ ‘ಗೆನು’, ಗ್ರೀಕಿನಲ್ಲಿ ‘ಗೊನು’. ಸಂಸ್ಕೃತದಲ್ಲಿ? ‘ಜಾನು’. ಮೊಣಕಾಲು ಮುಟ್ಟುವಷ್ಟು ಉದ್ದ ತೋಳಿನವನನ್ನು ನಾವು ಆಜಾನುಬಾಹು ಅನ್ನುತ್ತೇವಲ್ಲ, ಆ ಜಾನು.

ಇದು ಒಂಟಿ ಹೋಲಿಕೆ ಅಲ್ಲ. ಬ್ಯಾಂಕಿನವರು ‘ನೋ ಯುವರ್ ಕಸ್ಟಮರ್’ ಅಂತ ಕಾಗದ ಕೇಳುತ್ತಾರೆ. ಆ ‘ನೋ’ ಕೂಡ ‘ಕೆ’ ನುಂಗಿದ್ದೇ. ಅದರ ಒಡಹುಟ್ಟು ಜ್ಞಾನದೊಳಗಿನ ‘ಜ್ಞಾ’. ಬಂಧುಬಳಗಕ್ಕೆ ಇಂಗ್ಲಿಷಿನವರು ‘ಕಿನ್’ ಅನ್ನುತ್ತಾರೆ. ಅದರ ಒಡಹುಟ್ಟು ಸಂಸ್ಕೃತದ ‘ಜನ’. ಸಂಸ್ಕೃತದಲ್ಲಿ ‘ಜ’ ಇದ್ದ ಕಡೆ ಇಂಗ್ಲಿಷಿನಲ್ಲಿ ‘ಕ’: ಮತ್ತೆ ಸಾಲು, ಮತ್ತೆ ನಿಯಮ. ಅಚ್ಚೊತ್ತಿದ ಹಾಗೆ ನಮ್ಮ ‘ನೀ’ಯನ್ನೇ ಹೋಲುವ ಫಲಕದ ‘ನೀ’ ನಮ್ಮ ‘ನೀ’ಗೆ ಏನೂ ಆಗಬೇಕಿಲ್ಲ, ಒಂದು ಅಕ್ಷರವೂ ಸರಿಯಾಗಿ ಹೋಲದ ‘ಜಾನು’ಗೆ ಅದು ಸಾಕ್ಷಾತ್ ಒಡಹುಟ್ಟು. ಮುಖ ನೋಡಿ ಮಣೆ ಹಾಕುವ ಕೆಲಸ ಭಾಷೆಯಲ್ಲಿ ನಡೆಯುವುದಿಲ್ಲ.

ಆದರೂ ಇಷ್ಟೊಂದು ‘ನೀ’ಗಳು ಯಾಕೆ ಅಂತ ಗಣಿತದ ಮಾಸ್ತರರೊಬ್ಬರು ಅಲ್ಲಿಂದಲೇ ಕೈ ಎತ್ತಿದ್ದಾರೆ. ಸರ್, ಲೆಕ್ಕ ನಿಮ್ಮದೇ. ಜಗತ್ತಿನಲ್ಲಿ ಸುಮಾರು 7,000 ಭಾಷೆಗಳು. ಎಲ್ಲರ ಬಾಯಿಗೂ ಸುಲಭವಾಗಿ ಬರುವ ವ್ಯಂಜನ 20, ಸ್ವರ 5 ಅಂತ ಹಿಡಿಯಿರಿ. ಗುಣಿಸಿದರೆ ಕಾಗುಣಿತದ 100 ಮನೆ. ನೀನು ಅನ್ನಲಿಕ್ಕೆ ಪ್ರತಿ ಭಾಷೆ ಕಣ್ಣು ಮುಚ್ಚಿ ಒಂದು ಮನೆ ಆರಿಸಿದರೂ ‘ನೀ’ ಮನೆಗೆ 70 ಭಾಷೆಗಳು ಬಂದು ಬೀಳುತ್ತವೆ. ಜೊತೆಗೆ ಸರ್ವನಾಮಗಳಿಗೆ ಮನುಷ್ಯರು ನ, ಮ, ತ, ಕಗಳಂಥ ಹಗುರ ಅಕ್ಷರಗಳನ್ನೇ ಹೆಚ್ಚು ಆರಿಸುತ್ತಾರೆ, ದಿನಕ್ಕೆ ಸಾವಿರ ಸಲ ಆಡಬೇಕಾದ ಶಬ್ದ ಅಲ್ಲವೇ. ಹೋಲಿಕೆ ಸಿಗದಿದ್ದರೇ ಅಚ್ಚರಿಪಡಬೇಕಿತ್ತು.

ಉದ್ದ ಶಬ್ದಗಳೂ ಕೆಲವೊಮ್ಮೆ ಮೋಸ ಮಾಡುತ್ತವೆ. ಆರ್.ಎಂ.ಡಬ್ಲ್ಯೂ. ಡಿಕ್ಸನ್ ಎಂಬ ವಿದ್ವಾಂಸರು 1960ರ ದಶಕದಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಅಳಿಯುತ್ತಿದ್ದ ಅಂಬಾಬರಂ ಎಂಬ ಮೂಲನಿವಾಸಿ ಭಾಷೆಯನ್ನು ಬರೆದುಕೊಳ್ಳಲು ಹೋದರು. ನಾಯಿಗೆ ಏನನ್ನುತ್ತೀರಿ ಅಂತ ಕೇಳಿದರೆ ಬಂದ ಉತ್ತರ, ‘ಡಾಗ್’. ಇಂಗ್ಲಿಷಿನಿಂದ ತಗೊಂಡದ್ದು ಅನ್ನಿಸಿದರೆ ತಪ್ಪಿಲ್ಲ. ಆದರೆ ನೆರೆಯ ಭಾಷೆಗಳಲ್ಲಿ ನಾಯಿಗೆ ‘ಗುಡಗ’ ಅನ್ನುತ್ತಾರೆ. ಅಂಬಾಬರಂ ತನ್ನ ಶಬ್ದಗಳ ತಲೆ ಉದುರಿಸುವ ಭಾಷೆ. ‘ಗು’ ಬಿದ್ದಿತು, ಕೊನೆಯ ಸ್ವರ ಬಿದ್ದಿತು, ನಡುವಿನದು ತಿರುಗಿತು, ಉಳಿದದ್ದು ‘ಡಾಗ್’. ಇಂಗ್ಲಿಷ್ ನಾಯಿಗೂ ಈ ನಾಯಿಗೂ ಮುಖಪರಿಚಯವೂ ಇಲ್ಲ.

ಸಾಲ ತಂದ ಶಬ್ದಗಳ ಕಥೆ ಇನ್ನೊಂದು. ಅದನ್ನು ಒಂದೇ ಗುಟುಕಿನಲ್ಲಿ ಮುಗಿಸುತ್ತೇನೆ, ಹೊರಗೆ ಕಾಯುತ್ತಿದೆ: ಚಾ. ಬೀಜಿಂಗ್‌ನಲ್ಲಿ ಚಾ, ಜಪಾನಿನಲ್ಲಿ ಚಾ, ಪೋರ್ಚುಗೀಸರಿಗೆ ಶಾ, ಮರಾಠಿಯಲ್ಲಿ ಚಹಾ, ಧಾರವಾಡದಲ್ಲಿ ಚಾ. ಇದು ಕಾಕತಾಳೀಯವೂ ಅಲ್ಲ, ರಕ್ತಸಂಬಂಧವೂ ಅಲ್ಲ, ಬರೀ ವ್ಯಾಪಾರ. ಎಲೆಯ ಜೊತೆ ಹೆಸರೂ ಬಂತು. ಚೀನಾದ ಫುಜಿಯಾನ್ ಕರಾವಳಿಯಿಂದ ಡಚ್ಚರು ಹಡಗಿಗೆ ಏರಿಸಿದ್ದಕ್ಕೆ ಮಾತ್ರ ಅಲ್ಲಿನ ಉಚ್ಚಾರ ಅಂಟಿ ‘ಟೀ’ ಆಯಿತು.

ಮಾತು ಮುಗಿಸಿದ ಮೇಲೆ ಪ್ರಶ್ನೆಗಳು. ನಿವೃತ್ತ ಸಂಸ್ಕೃತ ಪಂಡಿತರೊಬ್ಬರು ಎದ್ದರು. ‘ದೇಶ ತಿರುಗಿ ಬಂದ್ರಿ, ಮನೀ ಒಳಗಿನ ನೀ ಬಿಟ್ರಿ’ ಅಂದರು. ಬಿಟ್ಟದ್ದು ಹೌದು, ಆ ತಪ್ಪನ್ನು ಈ ಬರಹದಲ್ಲಿ ಸರಿಪಡಿಸುತ್ತಿದ್ದೇನೆ. ಸಂಸ್ಕೃತದಲ್ಲಿ ‘ನೀ’ ಒಂದು ಧಾತು. ನಡೆಸು, ಕರೆದೊಯ್ಯು ಅಂತ ಅರ್ಥ. ನೀತಿ, ನಾಯಕ, ನೇತಾರ, ವಿನಯ, ನಯನ, ಎಲ್ಲ ಅದರ ಮಕ್ಕಳೇ. ಸೇನೆಯನ್ನು ನಡೆಸುವವನು ಸೇನಾನಿ, ಮುಂದೆ ನಡೆಸುವವನು ಅಗ್ರಣಿ. ಶಬ್ದದ ಕೊನೆಯ ಆ ‘ನಿ’, ‘ಣಿ’ಗಳು ಪ್ರತ್ಯಯ ಅಲ್ಲ, ಧಾತುವೇ ಸ್ವತಃ ಬಂದು ಕೂತದ್ದು. ‘ನೀನು ಸೇನಾನಿ’ ಅನ್ನುವ ಎರಡು ಪದದ ಕನ್ನಡ ವಾಕ್ಯದಲ್ಲಿ ದ್ರಾವಿಡದ ‘ನೀ’ ಮುಂದೆ, ಆರ್ಯರ ‘ನೀ’ ಹಿಂದೆ. ಇಬ್ಬರೂ ಒಂದೇ ಸೂರಿನಡಿ ಸಾವಿರಾರು ವರ್ಷ ಸಂಸಾರ ಮಾಡಿದರೂ ಮಾತುಕತೆ ಇಲ್ಲ.

ಕೊನೆಗೆ ಎದ್ದವರು ಮಂಗಳೂರು ಕಡೆಯಿಂದ ಬಂದು ಇಲ್ಲಿ ನೌಕರಿ ಮಾಡುತ್ತಿರುವ ಹೆಣ್ಣುಮಗಳು. ‘ನಮ್ಮ ತುಳುವಿನಲ್ಲಿ ನೀ ಅಂತ ಇಲ್ಲವೇ ಇಲ್ಲ, ಬರೀ ಈ. ಹಾಗಾದರೆ ನಾವು ನಿಮ್ಮ ಪೈಕಿ ಅಲ್ಲವಾ?’ ಅಂತ ನಗುತ್ತ ಕೇಳಿದರು. ಖಂಡಿತ ನಮ್ಮ ಪೈಕಿಯೇ. ‘ನೀ’ಯ ತಲೆಯ ನಕಾರ ಉದುರಿ ತುಳುವಿನಲ್ಲಿ ‘ಈ’ ಉಳಿದಿದೆ. ನಮ್ಮ ಪೈಕಿಯ ಇನ್ನೊಬ್ಬರು ಇಲ್ಲಿಂದ ಬಹುದೂರ, ಪಾಕಿಸ್ತಾನದ ಬಲೂಚಿಸ್ತಾನದಲ್ಲಿ ಕಲಾತ್ ಸೀಮೆಯಲ್ಲಿ ಇದ್ದಾರೆ. ಅವರ ಮಾತು ಬ್ರಾಹುಯಿ. ಸುತ್ತ ಬಲೂಚಿ, ಪಷ್ತೋ; ನಡುವೆ ಈ ದ್ರಾವಿಡ ಭಾಷೆ. ಅವರಲ್ಲಿ ನೀನು ಅಂದರೆ ನಮ್ಮ ಹಾಗೇ ‘ನೀ’. ಆದರೆ ನಾನು ಅನ್ನಲಿಕ್ಕೆ ‘ಈ’.

ನೋಡಿ, ಇಷ್ಟು ಹೊತ್ತು ಪರಭಾಷೆಗಳ ಮೇಲೆ ಹೇಳಿದ ಮಾತು ನಮ್ಮ ಮನೆಯೊಳಗೇ ಬಂತು. ತುಳು, ಬ್ರಾಹುಯಿ, ಎರಡೂ ಒಂದೇ ತಾಯಿಯ ಮಕ್ಕಳು. ಒಂದೇ ಸ್ವರ ‘ಈ’. ಒಬ್ಬರಿಗೆ ನೀನು, ಇನ್ನೊಬ್ಬರಿಗೆ ನಾನು. ಇಬ್ಬರನ್ನೂ ಸಾಧನಕೇರಿಯ ದಂಡೆಯ ಮೇಲೆ ಎದುರುಬದುರು ಕೂರಿಸಿದರೆ ಏನಾದೀತು? ಮಂಗಳೂರಿನಾಕೆ ಎದುರಿನವನ ಕಡೆ ಬೆರಳು ಮಾಡಿ ‘ಈ’ ಅನ್ನುತ್ತಾಳೆ. ಕಲಾತಿನವನು ತನ್ನ ಎದೆ ಮುಟ್ಟಿಕೊಂಡು ‘ಈ’ ಅನ್ನುತ್ತಾನೆ. ಇಬ್ಬರ ಬೆರಳೂ ಅವನೊಬ್ಬನ ಮೇಲೇ ಇರುತ್ತವೆ.